ಸ್ಪ್ಲಿಟ್‌ಗೆ ಒಂದು ಗೇಣು ಕಮ್ಮಿಯಿದ್ದರೂ ಹೈಕಿಕ್ ಬರುತ್ತದೆ

(ಬಳ್ಳಾರಿಯಲ್ಲಿ ಕರಾಟೆ, ಟೇಕ್ವಾಂಡೊ ಕಲಿಸುವವರು, ಕಲಿಯುವವರು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದೆ.)

ಬೆಲ್ಟ್ ಟೆಸ್ಟ್ ಹತ್ತಿರ ಬಂತೆಂದರೆ ಪಾಲಕರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಸರ್, ನಮ್ಮ ಹುಡುಗಂದು ಸ್ಪ್ಲಿಟ್ ಪೂರ್ತಿ ಕೂಡವಲ್ದು, ಹೈಕಿಕ್ ಹೆಂಗ ಬರ್ತದ?" ಕಲಿಸುವವರಲ್ಲೂ ಅನೇಕರು ಇದನ್ನೇ ನಂಬಿದ್ದಾರೆ. ಮೊದಲು 180 ಡಿಗ್ರಿ ಸ್ಪ್ಲಿಟ್ (ಎರಡು ಕಾಲು ಪೂರ್ತಿ ಅಗಲಿಸಿ ತೊಡೆಸಂದು ನೆಲಕ್ಕೆ ಮುಟ್ಟುವಂತೆ ಕೂರುವುದು) ಆಗಲಿ, ಕಿಕ್ ಆಮೇಲೆ ತಾನೇ ಬರುತ್ತದೆ ಎಂಬ ಲೆಕ್ಕ ಅವರದು. ಈ ಲೆಕ್ಕ ಎರಡೂ ಕಡೆ ತಪ್ಪುತ್ತದೆ. ಪೂರ್ತಿ ಸ್ಪ್ಲಿಟ್ ಕೂತರೂ ಕಾಲು ಎದೆಯಿಂದ ಮೇಲೆ ಹೋಗದ ಮಕ್ಕಳಿದ್ದಾರೆ. ಸ್ಪ್ಲಿಟ್ ಎಂದೂ ಪೂರ್ತಿ ಕೂರದಿದ್ದರೂ ತಲೆಗೆ ಚೊಕ್ಕವಾಗಿ ಹೊಡೆಯುವವರೂ ಇದ್ದಾರೆ.

ಎತ್ತರದ ಕಿಕ್‌ನ ಆಸೆ ಸುಮ್ಮನೆ ಹುಟ್ಟಿದ್ದಲ್ಲ, ಅಂಕ ಅಲ್ಲಿದೆ. ಟೇಕ್ವಾಂಡೊ ಸ್ಪರ್ಧೆಯಲ್ಲಿ ಮುಂಡಕ್ಕೆ ಬಿದ್ದ ಸಾದಾ ಕಿಕ್‌ಗೆ 2, ತಲೆಗೆ ಬಿದ್ದರೆ 3. ಕರಾಟೆಯ ಕುಮಿಟೆಯಲ್ಲಿ, ಅಂದರೆ ಇಬ್ಬರ ಕಾದಾಟದ ಸ್ಪರ್ಧೆಯಲ್ಲಿ, ಗುದ್ದಿಗೆ 1, ಹೊಟ್ಟೆ-ಎದೆಯ ಮಟ್ಟದ ಚುದಾನ್ ಕಿಕ್‌ಗೆ 2, ತಲೆಯ ಮಟ್ಟದ ಜೋದಾನ್ ಕಿಕ್‌ಗೆ 3. ಹಾಗಾಗಿ ಕಾಲು ತಲೆಯವರೆಗೆ ಏರುವುದು ಬೇಕೇ ಬೇಕು. ಎಷ್ಟು ಬಾಗಿದರೆ ಏರುತ್ತದೆ ಎಂಬುದನ್ನು ಟೇಪು ಹಿಡಿದು ಅಳೆಯಬಹುದು.

170 ಸೆಂ.ಮೀ. ಎತ್ತರದ ಒಬ್ಬನನ್ನು ತೆಗೆದುಕೊಳ್ಳಿ. ಅವನ ತೊಡೆಕೀಲು ನೆಲದಿಂದ ಸುಮಾರು 90 ಸೆಂ.ಮೀ. ಮೇಲಿರುತ್ತದೆ. ಪಾದ ಚಾಚಿದಾಗ ತೊಡೆಕೀಲಿನಿಂದ ಹೊಡೆತ ಬೀಳುವ ಜಾಗಕ್ಕೆ, ಅಂದರೆ ಪಾದದ ಮೇಲ್ಭಾಗಕ್ಕೆ ಇರುವ ಉದ್ದವೂ ಹೆಚ್ಚುಕಮ್ಮಿ 90. ಎದುರಾಳಿಯೂ ಅಷ್ಟೇ ಎತ್ತರದವನಾದರೆ ಅವನ ಕೆನ್ನೆ 153ರ ಆಸುಪಾಸಿನಲ್ಲಿರುತ್ತದೆ. ಅಂದರೆ ಪಾದ ತೊಡೆಕೀಲಿಗಿಂತ 63 ಸೆಂ.ಮೀ. ಮೇಲೆ ಹೋಗಬೇಕು. 90 ಉದ್ದದ ಕಾಲು 63 ಏರಲು ಅಡ್ಡಗೆರೆಯಿಂದ 45 ಡಿಗ್ರಿಯಷ್ಟು ಮೇಲೆ ಓರೆಯಾದರೆ ಸಾಕು. ನಿಂತ ಕಾಲು ನೆಟ್ಟಗಿದೆ ಎಂದಿಟ್ಟುಕೊಂಡರೆ ಎರಡು ಕಾಲಿನ ನಡುವಿನ ಕೋನ 90 ಕೂಡಿಸು 45, ಒಟ್ಟು 135. 180 ಅಲ್ಲ.

ಇನ್ನೂ ಒಂದು ರಿಯಾಯಿತಿ ಉಂಟು. ಎರಡು ತೊಡೆಕೀಲುಗಳ ನಡುವೆ 17–18 ಸೆಂ.ಮೀ. ಅಂತರವಿರುತ್ತದೆ. ಮೈ ಪಕ್ಕಕ್ಕೆ ವಾಲಿಸಿ ಸೊಂಟವನ್ನು 45 ಡಿಗ್ರಿಯಷ್ಟು ಓರೆ ಮಾಡಿದರೆ ಒದೆಯುವ ಕಾಲಿನ ಕೀಲೇ 12 ಸೆಂ.ಮೀ. ಮೇಲೇಳುತ್ತದೆ. ಆಗ ಬೇಕಾದ ಕೋನ 125ಕ್ಕೆ ಇಳಿಯುತ್ತದೆ. ಎದುರಾಳಿ 180 ಸೆಂ.ಮೀ. ಇದ್ದರೆ? ಮೈ ವಾಲಿಸದ ಲೆಕ್ಕದಲ್ಲಿ 143. ಎದೆಯ ಮಟ್ಟಕ್ಕೆ ಹೊಡೆಯಲು 111 ಸಾಕು. ನಿಮ್ಮ ಹುಡುಗರ ಎತ್ತರ ಹಾಕಿ ಲೆಕ್ಕ ಮಾಡಿ ನೋಡಿ, ಪಾಠಶಾಲೆಯ ತ್ರಿಕೋನಮಿತಿಯೇ ಇದು.

ಆದರೆ ಕೋನದ ಕೊನೆಯ ಅಂಚಿನಲ್ಲಿ ಸ್ನಾಯುವಿಗೆ ಬಲ ಕಮ್ಮಿ, ವೇಗವೂ ಕಮ್ಮಿ. ಹತ್ತು ಹದಿನೈದು ಡಿಗ್ರಿ ಕೈಯಲ್ಲಿ ಮಿಗಬೇಕು. ಆದ್ದರಿಂದ 140ರಿಂದ 150 ಡಿಗ್ರಿ ಎಂದು ಗುರಿ ಇಟ್ಟುಕೊಳ್ಳಿ. ಅಡ್ಡ ಸ್ಪ್ಲಿಟ್‌ನಲ್ಲಿ ಇದು ಹೇಗೆ ಕಾಣುತ್ತದೆ ಎಂದರೆ, 170 ಸೆಂ.ಮೀ. ಎತ್ತರದವನ ಕಾಲು 140 ಡಿಗ್ರಿ ತೆರೆದಾಗ ತೊಡೆಸಂದು ನೆಲದಿಂದ ಸುಮಾರು 20 ಸೆಂ.ಮೀ. ಮೇಲೆ ಉಳಿಯುತ್ತದೆ. ಒಂದು ಗೇಣು. ಆ ಒಂದು ಗೇಣನ್ನು ನೆಲಕ್ಕೆ ಮುಟ್ಟಿಸಲು ವರ್ಷಗಟ್ಟಲೆ ಹೆಣಗುವುದು ಫೋಟೊಕ್ಕೆ ಒಳ್ಳೆಯದು. ಕಿಕ್‌ಗೆ ಅದರಿಂದ ಸಿಗುವುದು ಅಲ್ಪ.

ಈ ಲೆಕ್ಕದಿಂದ ಇನ್ನೊಂದು ವಿಷಯ ಹೊರಬೀಳುತ್ತದೆ, ಅದನ್ನು ಹೇಳಿಕೊಡುವವರು ವಿರಳ. ಕಾಲು ಮೇಲೇರಿದಷ್ಟೂ ಮುಂದಕ್ಕೆ ತಲುಪುವ ದೂರ ಕಡಿಮೆಯಾಗುತ್ತದೆ. ಎದೆಗೆ ಹೊಡೆಯುವಾಗ ತೊಡೆಕೀಲಿನಿಂದ 84 ಸೆಂ.ಮೀ. ದೂರದ ಗುರಿ ಸಿಗುತ್ತದೆ. ಕೆನ್ನೆಗೆ ಹೊಡೆಯುವಾಗ 64. ನಿಮಗಿಂತ 10 ಸೆಂ.ಮೀ. ಎತ್ತರದವನ ಕೆನ್ನೆಗಾದರೆ 54. ಎದೆಗೆ ಹೊಡೆಯುವ ದೂರದಲ್ಲೇ ನಿಂತು ತಲೆಗೆ ಬೀಸಿದರೆ ಕಾಲು ಮೂಗಿನ ಮುಂದೆ ಹಾದು ಹೋಗುತ್ತದೆ. ಆಗ ಕೋಚ್ "ಇನ್ನೂ ಸ್ಟ್ರೆಚ್ ಮಾಡು" ಅನ್ನುತ್ತಾರೆ. ಅಲ್ಲಿ ಬೇಕಾಗಿದ್ದದ್ದು ಸ್ಟ್ರೆಚ್ ಅಲ್ಲ, ಅರ್ಧ ಹೆಜ್ಜೆ.

ಈಗ ಎಲ್ಲರೂ ಕುರ್ಚಿಯಿಂದ ಎದ್ದು ನಿಲ್ಲಿ. ಒಂದು ಕೈಯಲ್ಲಿ ಕುರ್ಚಿ ಹಿಡಿಯಿರಿ. ಮೊಣಕಾಲ ಚಿಪ್ಪು ನೇರ ಮುಂದಕ್ಕಿರಲಿ, ಮೈ ನೆಟ್ಟಗಿರಲಿ. ಕಾಲನ್ನು ನೇರವಾಗಿ ಪಕ್ಕಕ್ಕೆ ಎತ್ತಿ. ಬಹುತೇಕರಿಗೆ 45 ಡಿಗ್ರಿಯ ಹತ್ತಿರ ನಿಂತುಬಿಡುತ್ತದೆ. ಅದು ಸ್ನಾಯು ಬಿಗಿಯಾದದ್ದರಿಂದ ಮಾತ್ರ ಅಲ್ಲ. ತೊಡೆಮೂಳೆಯ ಕತ್ತಿನ ಭಾಗವೂ ಅದರ ಹೊರಗಿನ ಉಬ್ಬೂ ಸೊಂಟದ ಗುಳಿಯ ಅಂಚಿನತ್ತ ಬಂದು, ಕದ ಚೌಕಟ್ಟಿಗೆ ತಾಗಿದ ಹಾಗೆ ನಿಲ್ಲುತ್ತವೆ. ಈಗ ಚಿಪ್ಪನ್ನು ಮೇಲಕ್ಕೆ, ಸೂರಿನತ್ತ ತಿರುಗಿಸಿ ಮತ್ತೆ ಎತ್ತಿ. ಒಂದಷ್ಟು ಹೆಚ್ಚು ಹೋಯಿತಲ್ಲವೇ? ಮೂರನೆಯ ಸಲ ಚಿಪ್ಪು ಮುಂದಕ್ಕೇ ಇರಲಿ, ಆದರೆ ಪಿರ್ರೆಯನ್ನು ಹಿಂದಕ್ಕೆ ತಳ್ಳಿ, ಸೊಂಟವನ್ನು ಮುಂದಕ್ಕೆ ಬಾಗಿಸಿ ಎತ್ತಿ. ಮತ್ತೆ ಹೆಚ್ಚು ಹೋಗುತ್ತದೆ.

ಸ್ನಾಯು ಅದೇ, ಒಂದು ನಿಮಿಷದಲ್ಲಿ ಉದ್ದವಾಗಿಲ್ಲ. ಕೀಲಿನೊಳಗೆ ಮೂಳೆಗೆ ದಾರಿ ಬಿಟ್ಟುಕೊಟ್ಟಿರಿ, ಅಷ್ಟೇ. ಸುತ್ತಿ ಬೀಸುವ ರೌಂಡ್‌ಹೌಸ್ ಅಥವಾ ಪಕ್ಕಕ್ಕೆ ಚಾಚುವ ಸೈಡ್ ಕಿಕ್‌ನಲ್ಲಿ ಚಿಪ್ಪನ್ನು ಸೂರಿಗೆ ತಿರುಗಿಸುವಂತಿಲ್ಲ, ಕಿಕ್‌ನ ಆಕಾರವೇ ಕೆಡುತ್ತದೆ. ಹಾಗಾಗಿ ಅಲ್ಲಿ ದಾರಿ ಬಿಡಿಸುವ ಕೆಲಸವೆಲ್ಲ ಪೆಲ್ವಿಸ್‌ನದು, ಅಂದರೆ ಸೊಂಟದ ಮೂಳೆಯದು. "ಸೊಂಟ ತಿರುಗಿಸು" ಎಂದು ಮಾಸ್ಟರ್‌ಗಳು ಕೂಗುವುದು ಬರೀ ಜೋರು ಬರಲೆಂದಲ್ಲ. ತಿರುಗಿಸದಿದ್ದರೆ ಕಾಲು ಮೇಲೇರುವುದೇ ಇಲ್ಲ.

ರೌಂಡ್‌ಹೌಸ್ ಕಿಕ್ಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕರಾಟೆಯವರಿಗೆ ಮವಾಶಿ ಗೇರಿ, ಟೇಕ್ವಾಂಡೊದವರಿಗೆ ದೋಲ್ಯೊ ಚಾಗಿ. ಬಲಗಾಲಿನ ಕಿಕ್ ಎಂದಿಟ್ಟುಕೊಳ್ಳಿ. ನೆಲ ಬಿಟ್ಟ ಕೂಡಲೇ ಹಿಮ್ಮಡಿ ಪಿರ್ರೆಯತ್ತ ಮಡಚಿಕೊಳ್ಳಬೇಕು. ಮಡಚಿದ ಕಾಲು ಗಿಡ್ಡ, ಗಿಡ್ಡ ಕಾಲನ್ನು ಎತ್ತುವುದು ಹಗುರ. ಮೊಣಕಾಲು ಮೊದಲು ಏರಬೇಕು, ಗುರಿಯ ಕಡೆ ನೋಡಬೇಕು. ಇದೇ ಚೇಂಬರ್. ಚೇಂಬರ್ ಸೊಂಟದ ಮಟ್ಟದಲ್ಲಿ ನಿಂತರೆ ಕಿಕ್ ಎದೆ ದಾಟುವುದಿಲ್ಲ, ದಾಟಿದರೂ ಕೆಳಗಿನಿಂದ ಮೇಲಕ್ಕೆ ಒರೆಸಿಕೊಂಡು ಹೋಗುತ್ತದೆ. ದಾರಿಯಲ್ಲಿ ಎದುರಾಳಿಯ ಮೊಣಕೈ ಸಿಗುತ್ತದೆ, ಪಾದದ ಮೇಲಿನ ಸಣ್ಣ ಮೂಳೆಗಳಿಗೆ ಪೆಟ್ಟು ಬೀಳುತ್ತದೆ. ಪಾದ ಊದಿಸಿಕೊಂಡು ಬರುವ ಹುಡುಗರ ಚೇಂಬರ್ ಒಮ್ಮೆ ನೋಡಿ.

ಅದೇ ಹೊತ್ತಿಗೆ ಎಡಗಾಲು ಏನು ಮಾಡುತ್ತದೆ? ಭಾರವೆಲ್ಲ ಮುಂಗಾಲಿನ ಉಬ್ಬಿನ ಮೇಲೆ. ಹಿಮ್ಮಡಿ ನೆಲದಿಂದ ಒಂದು ಕಾಗದ ಜಾರುವಷ್ಟು ಎದ್ದು, ಕಿಕ್ ತಾಗುವ ಹೊತ್ತಿಗೆ ಗುರಿಯತ್ತ ತಿರುಗಿರಬೇಕು. ನಿಂತ ಪಾದದ ಈ ತಿರುಗುವಿಕೆಯೇ ಪಿವಟ್, ಎತ್ತರದ ಕಿಕ್‌ಗೆ ಅದು 120ರಿಂದ 180 ಡಿಗ್ರಿ. ತಿರುಗದೆ ಹೋದರೆ ಆಗುವುದನ್ನು ಅರ್ಥ ಮಾಡಿಕೊಳ್ಳಿ. ಸೊಂಟ ಎಡಕ್ಕೆ ಸುತ್ತುತ್ತಿದೆ, ಎಡಪಾದ ನೆಲಕ್ಕೆ ಅಂಟಿದೆ. ನಿಂತ ಕಾಲಿನ ತೊಡೆಕೀಲು ಒಳಕ್ಕೆ ತಿರುಗುವುದು 35–45 ಡಿಗ್ರಿ ಮಾತ್ರ. ಅದು ಮುಗಿದ ಮೇಲೆ ಉಳಿದ ಸುತ್ತೆಲ್ಲ ಮೊಣಕಾಲಿಗೆ ಬೀಳುತ್ತದೆ. ಮೊಣಕಾಲು ಮಡಚಲು ಇರುವ ಕೀಲು, ಸುತ್ತಲು ಅಲ್ಲ. ಮೊಣಕಾಲೊಳಗಿನ ಮೆತ್ತೆಯಾದ ಮೆನಿಸ್ಕಸ್ ಹರಿಯುವುದು, ಒಳಬದಿಯ ಲಿಗಮೆಂಟ್ ಎಳೆಯುವುದು, ಕೆಲವೊಮ್ಮೆ ಮೊಣಕಾಲ ನಡುವಿನ ಲಿಗಮೆಂಟ್ ಎಸಿಎಲ್ ಕೂಡ ಹೋಗುವುದು ಇಂಥ ಅಂಟಿದ ಪಾದದ ಮೇಲೆಯೇ.

ಇಲ್ಲಿ ನೆಲದ ಮಾತು ಬರುತ್ತದೆ. ನಮ್ಮ ಕಡೆ ತರಗತಿಗಳು ಶಾಲೆಯ ಅಂಗಳದಲ್ಲಿ, ಕಲ್ಯಾಣ ಮಂಟಪದಲ್ಲಿ, ಮನೆಯ ಮಾಳಿಗೆಯ ಮೇಲೆ ನಡೆಯುತ್ತವೆ. ನುಣುಪಾದ ಗ್ರಾನೈಟ್ ಮೇಲೆ ಬೆವರಿನ ಬರಿಗಾಲು ಒಮ್ಮೆ ಅಂಟುತ್ತದೆ, ಇನ್ನೊಮ್ಮೆ ಜಾರುತ್ತದೆ. ಯಾವಾಗ ಯಾವುದು ಎಂದು ಹೇಳಲಾಗದು. ಒರಟು ಸಿಮೆಂಟ್ ನೆಲ ಮುಂಗಾಲಿನ ಚರ್ಮ ಸುಲಿಯುತ್ತದೆ, ಹುಡುಗರು ಉರಿಗೆ ಹೆದರಿ ಪಿವಟ್ ಮಾಡುವುದನ್ನೇ ಬಿಡುತ್ತಾರೆ, ಆ ರೂಢಿ ಆಮೇಲೆ ಮ್ಯಾಟ್ ಮೇಲೂ ಹೋಗುವುದಿಲ್ಲ. ಶಹಾಬಾದ್ ಕಲ್ಲಿನ ನೆಲ ಇವೆರಡಕ್ಕಿಂತ ವಾಸಿ, ಆದರೆ ಸಂದುಗಳಲ್ಲಿ ಬೆರಳು ಸಿಕ್ಕೀತು. ತೆಳು ಫೋಮ್ ಮ್ಯಾಟ್‌ನಲ್ಲಿ ಪಾದ ಹೂತುಕೊಂಡು ತಿರುಗುವುದು ನಿಧಾನ. ಹೊಸಬರಿಗೆ ಅಲ್ಲಿ ಮೊದಲೇ ಅರ್ಧ ತಿರುಗಿಸಿಟ್ಟ ಪಾದದಿಂದ ಕಿಕ್ ಶುರು ಮಾಡಿಸಿ. ಶೂ ಹಾಕಿಕೊಂಡು ಕಾಂಕ್ರೀಟಿನ ಮೇಲೆ ಹೈಕಿಕ್ ಅಭ್ಯಾಸ ಬೇಡವೇ ಬೇಡ.

ಮುಂದಕ್ಕೆ ಹೊಡೆಯುವ ಕಿಕ್‌ಗಳ ಕಥೆ ಬೇರೆ. ಮಾಯೆ ಗೇರಿಗೂ, ಮೇಲಿಂದ ಕೆಳಕ್ಕೆ ಬೀಳುವ ಆಕ್ಸ್ ಕಿಕ್‌ಗೂ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಉದ್ದವಾಗಬೇಕು. ಜೊತೆಗೆ ನಿಂತ ಕಾಲಿನ ಮುಂಬದಿ, ಅಂದರೆ ತೊಡೆ ಎತ್ತುವ ತೊಡೆಸಂದಿನ ಸ್ನಾಯು, ಹಿಪ್ ಫ್ಲೆಕ್ಸರ್, ಬಿಟ್ಟುಕೊಡಬೇಕು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಬಿಗಿಯಿದ್ದರೆ ಕಾಲು ಏರಿದ ಹಾಗೆ ನಿಂತ ಮೊಣಕಾಲು ಬಾಗುತ್ತದೆ, ಸೊಂಟ ನಾಲ್ಕೈದು ಸೆಂ.ಮೀ. ಇಳಿಯುತ್ತದೆ, ಗಳಿಸಿದ ಎತ್ತರ ಅಲ್ಲೇ ಸೋರಿ ಹೋಗುತ್ತದೆ. ಎಲ್ಲ ಕಿಕ್‌ಗಳಲ್ಲಿ ಹೆಚ್ಚು ನಮ್ಯತೆ ಬೇಡುವುದು ಈ ಆಕ್ಸ್ ಕಿಕ್, ಕಾಲು ನೇರವಾಗಿಯೇ ತಲೆ ದಾಟಿ ಮೇಲೆ ಹೋಗಬೇಕಲ್ಲ. ನಮ್ಯತೆ ಕಡಿಮೆ ಇರುವವರಿಗೆ ರೌಂಡ್‌ಹೌಸ್ ಮೊದಲು, ಆಕ್ಸ್ ಕೊನೆಗೆ.

ಇನ್ನು ಪರೀಕ್ಷೆ. ಯಾರಿಗೆ ಏನು ಕಮ್ಮಿ ಎಂದು ತಿಳಿಯದೆ ಇಡೀ ಕ್ಲಾಸಿಗೆ ಒಂದೇ ಸ್ಟ್ರೆಚ್ ಮಾಡಿಸುವುದು ಹೊತ್ತು ಹಾಳು. ಸೀಮೆಸುಣ್ಣ, ಗೋಡೆ, ಟೇಪು ಇದ್ದರೆ ಸಾಕು.

ಮೊದಲನೆಯದು ಒದೆಯುವ ಬದಿಯದು. ಗೋಡೆಗೆ ಅಭಿಮುಖವಾಗಿ ಅಲ್ಲ, ಪಕ್ಕ ಮಾಡಿ ನಿಲ್ಲಿಸಿ. ಎದುರು ಬದಿಯಲ್ಲಿ ಕುರ್ಚಿಯ ಆಸರೆ ಇರಲಿ. ನಿಂತ ಪಾದವನ್ನು ಪಿವಟ್ ಆದ ಸ್ಥಿತಿಯಲ್ಲೇ ಇಡಿಸಿ, ಸಹಪಾಠಿ ಮೆಲ್ಲಗೆ ಹಿಮ್ಮಡಿ ಹಿಡಿದು ಕಾಲನ್ನು ಸೈಡ್ ಕಿಕ್ ದಿಕ್ಕಿನಲ್ಲಿ ಎತ್ತಲಿ. ನೋವಿಲ್ಲದೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿ ಗೋಡೆಯ ಮೇಲೆ ಗೀಟು ಹಾಕಿ. ಎರಡನೆಯದು, ಅದೇ ಭಂಗಿಯಲ್ಲಿ ಯಾರ ಸಹಾಯವೂ ಇಲ್ಲದೆ, ಬೀಸದೆ, ನಿಧಾನಕ್ಕೆ ತಾನೇ ಎತ್ತಿ ಮೂರು ಸೆಕೆಂಡು ನಿಲ್ಲಿಸಲಿ. ಅಲ್ಲೊಂದು ಗೀಟು. ಎರಡು ಗೀಟುಗಳ ನಡುವೆ ಒಂದು ಗೇಣಿನಷ್ಟು ಅಂತರ ಸಾಮಾನ್ಯ. ಎರಡು ಗೇಣಾದರೆ ಆ ಹುಡುಗನಿಗೆ ಬೇಕಾದದ್ದು ಬಲ, ಇನ್ನಷ್ಟು ಸ್ಟ್ರೆಚ್ ಅಲ್ಲ. ಪೂರ್ತಿ ಸ್ಪ್ಲಿಟ್ ಕೂತರೂ ಕಿಕ್ ಏರದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಎರಡೂ ಗೀಟುಗಳು ಹತ್ತಿರ ಹತ್ತಿರ, ಎರಡೂ ಕೆಳಗೆ ಇದ್ದರೆ ಆಗ ಸ್ಟ್ರೆಚ್ ಬೇಕು. ಎರಡೂ ತಲೆಯ ಮಟ್ಟಕ್ಕಿದ್ದು ಎದುರಾಳಿಯೊಡನೆ ಮಾಡುವ ಸ್ಪಾರಿಂಗ್‌ನಲ್ಲಿ ಮಾತ್ರ ಕಿಕ್ ಏರದಿದ್ದರೆ ತೊಂದರೆ ದೂರದಲ್ಲೋ ಚೇಂಬರ್‌ನಲ್ಲೋ ಇದೆ.

ಮೂರನೆಯದು ಮಲಗಿ ಮಾಡುವುದು. ಅಂಗಾತ ಮಲಗಿಸಿ ಒಂದು ಕಾಲನ್ನು ನೇರವಾಗಿ ಎತ್ತಿಸಿ, 80–90 ಡಿಗ್ರಿ ಬಂದರೆ ಹ್ಯಾಮ್‌ಸ್ಟ್ರಿಂಗ್ ಸಾಮಾನ್ಯ ಮಟ್ಟದಲ್ಲಿದೆ. ಎತ್ತುವಾಗ ನೆಲದ ಮೇಲಿನ ಇನ್ನೊಂದು ಕಾಲಿನ ಮೊಣಕಾಲು ತಾನೇ ಎದ್ದು ಬಂದರೆ ಆ ಬದಿಯ ಹಿಪ್ ಫ್ಲೆಕ್ಸರ್ ಬಿಗಿ ಎಂದು ತಿಳಿಯಿರಿ. ಎಳೆತ ತೊಡೆಯ ನಡುಭಾಗದಲ್ಲಿ ಕಾಣದೆ ಮೊಣಕಾಲ ಹಿಂದೆ, ಮೀನಖಂಡದಲ್ಲಿ ಜುಮ್ಮೆಂದರೆ ಅದು ನರ ಎಳೆದದ್ದು. ಪಾದವನ್ನು ತಮ್ಮ ಕಡೆಗೆ ಎಳೆದುಕೊಂಡಾಗ ಜುಮ್ಮೆನ್ನುವುದು ಜಾಸ್ತಿಯಾದರೆ ಖಾತ್ರಿ. ನರವನ್ನು ಸ್ಟ್ರೆಚ್ ಹಿಡಿದು ನಿಲ್ಲಿಸಬಾರದು, ಪಾದ ಸಡಿಲ ಬಿಟ್ಟು ಕೋನ ಕಮ್ಮಿ ಮಾಡಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ, ಕುಕ್ಕುರುಗಾಲಲ್ಲಿ ಕೂರುವ ನಮ್ಮ ಮಕ್ಕಳಿಗೆ ತೊಡೆಕೀಲು ಮಡಚುವುದೂ ಹೊರಕ್ಕೆ ತಿರುಗುವುದೂ ಚೆನ್ನಾಗಿ ಬರುತ್ತದೆ. ಗರಡಿಯಲ್ಲಿ ಬಸ್ಕಿ ಹೊಡೆದ ಪೈಲ್ವಾನರಿಗೂ ಹಾಗೇ. ಆದರೆ ಚಕ್ಕಳಮಕ್ಕಳದಲ್ಲಿ ಮೊಣಕಾಲು ಮಡಚಿರುತ್ತದೆ. ಒಳತೊಡೆಯ ಸ್ನಾಯುಗಳಲ್ಲಿ ಉದ್ದನೆಯದು, ಗ್ರಾಸಿಲಿಸ್, ಮೊಣಕಾಲು ದಾಟಿ ಕೆಳಗೆ ಅಂಟಿಕೊಂಡಿದೆ. ಮೊಣಕಾಲು ಮಡಚಿದಾಗ ಅದು ಸಡಿಲ, ಕಾಲು ನೇರವಾದಾಗ ಮಾತ್ರ ಬಿಗಿ. ಹೀಗಾಗಿ ಚಿಟ್ಟೆ ಆಸನದಲ್ಲಿ ಮೊಣಕಾಲು ನೆಲಕ್ಕೆ ಮುಟ್ಟುವವರೂ ಕಾಲು ನೇರ ಮಾಡಿ ಅಗಲಿಸಿದಾಗ ಒದ್ದಾಡುತ್ತಾರೆ. ಬಟರ್‌ಫ್ಲೈ ಒಂದನ್ನೇ ಹತ್ತು ನಿಮಿಷ ಮಾಡಿಸುವ ಕ್ಲಾಸುಗಳಿಗೆ ಇಷ್ಟು ಸಾಕು.

ಅಭ್ಯಾಸದ ಕ್ರಮಕ್ಕೆ ಬರೋಣ. ಮೊದಲು ಮೈ ಕಾಯಿಸುವುದು: ಓಟ, ಜಿಗಿತ, ಸ್ಕಿಪ್ಪಿಂಗ್, 8–10 ನಿಮಿಷ, ಹಣೆಯಲ್ಲಿ ಬೆವರು ಮೂಡುವವರೆಗೆ. ಬಳ್ಳಾರಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಬಂದು ನಿಂತ ಕೂಡಲೇ ಬೆವರು ಬರುತ್ತದೆ, ಅದನ್ನು ವಾರ್ಮಪ್ ಎಂದು ಲೆಕ್ಕ ಹಿಡಿಯಬೇಡಿ. ಬಿಸಿಯಾಗಿದ್ದು ಚರ್ಮ, ತೊಡೆಯೊಳಗಿನ ಸ್ನಾಯು ಕೆಲಸ ಮಾಡಿದ ಮೇಲೆಯೇ ಕಾಯುವುದು. ಬೇಸಿಗೆಯಲ್ಲಿ ಕ್ಲಾಸು ಬೆಳಗ್ಗೆ 7ರೊಳಗೆ ಮುಗಿದರೆ ಕ್ಷೇಮ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೀರು. ನೀರು-ಉಪ್ಪು ಕಮ್ಮಿಯಾದ, ದಣಿದ ಸ್ನಾಯು ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡ ಸ್ನಾಯುವನ್ನು ಎಳೆದರೆ ಹರಿಯುತ್ತದೆ.

ಆಮೇಲೆ ಕಾಲು ಬೀಸುವುದು, ಮುಂದೆ-ಹಿಂದೆ ಮತ್ತು ಪಕ್ಕಕ್ಕೆ. ಒಂದೊಂದು ದಿಕ್ಕಿಗೆ 10–12 ಸಲ, ಎರಡು ಸುತ್ತು. ಮೊದಲ ನಾಲ್ಕು ಸೊಂಟದ ಮಟ್ಟ, ಮುಂದಿನ ನಾಲ್ಕು ಎದೆ, ಕೊನೆಯವು ಭುಜ. ಮೊದಲನೆಯದನ್ನೇ ತಲೆಗೆ ಬೀಸುವುದು ಹ್ಯಾಮ್‌ಸ್ಟ್ರಿಂಗ್ ಹರಿದುಕೊಳ್ಳುವ ಸುಲಭ ದಾರಿ. ಕಿಕ್ ಅಭ್ಯಾಸಕ್ಕೆ ಮುಂಚೆ ಒಂದೇ ಸ್ಟ್ರೆಚ್ಚನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದು ಕೂರಬೇಡಿ, ಸ್ವಲ್ಪ ಹೊತ್ತು ಸ್ನಾಯುವಿನ ಜೋರು ತಗ್ಗುತ್ತದೆ. ಹದಿನೈದು ಇಪ್ಪತ್ತು ಸೆಕೆಂಡಿನ ಸಣ್ಣ ಸ್ಟ್ರೆಚ್‌ನಿಂದ ಅಂಥ ತೊಂದರೆಯಿಲ್ಲ. ದೀರ್ಘ ಸ್ಟ್ರೆಚಿಂಗ್ ಕ್ಲಾಸಿನ ಕೊನೆಗೆ.

ಆ ಕೊನೆಯ ಹೊತ್ತಿನಲ್ಲಿ ಬೇಗ ಫಲ ಕೊಡುವುದು ಬಿಗಿ ಮಾಡಿ-ಬಿಡುವ ವಿಧಾನ. ಪಿಎನ್‌ಎಫ್ ಎನ್ನುತ್ತಾರೆ. ಕಾಲು ಅಗಲಿಸಿ ಕೂತು, ಎಳೆತ ಶುರುವಾದಲ್ಲಿ 20 ಸೆಕೆಂಡು ನೆಲೆ ನಿಲ್ಲಿ. ಈಗ ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ, ಕಾಲುಗಳನ್ನು ಒಂದಕ್ಕೊಂದು ಹತ್ತಿರ ತರುವಂತೆ 6–8 ಸೆಕೆಂಡು ಬಿಗಿ ಮಾಡಿ. ಪೂರ್ತಿ ಜೋರು ಬೇಡ, ಅರ್ಧ ಸಾಕು. ಉಸಿರು ಬಿಟ್ಟು ಸಡಿಲಿಸಿ, ಒಂದೆರಡು ಬೆರಳಗಲ ಮುಂದೆ ಸರಿಯಿರಿ, ಅಲ್ಲಿ 20–30 ಸೆಕೆಂಡು. ಇಂಥವು ಮೂರು-ನಾಲ್ಕು ಸುತ್ತು. ವಾರಕ್ಕೆ ಎರಡು ಮೂರು ದಿನ ಮಾತ್ರ, ಯಾಕೆಂದರೆ ಇದು ಸ್ನಾಯುವಿಗೆ ನಿಜವಾದ ಕೆಲಸ, ಮರುದಿನ ನೋಯುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದು ತೊಡೆ ನೋಯುತ್ತಿರುವ ಮರುದಿನ ಇದನ್ನು ಮಾಡಿಸಬೇಡಿ. ಮೊದಲ ಕೆಲವು ವಾರಗಳಲ್ಲಿ ಸಿಗುವ ಲಾಭ ಹೆಚ್ಚಾಗಿ ನರಮಂಡಲದ್ದು: ಸ್ನಾಯು ಉದ್ದವಾಗುವ ಮೊದಲು ಎಳೆತವನ್ನು ತಾಳಿಕೊಳ್ಳುವುದನ್ನು ಮೈ ಕಲಿಯುತ್ತದೆ. ಎರಡು ವಾರ ಬಿಟ್ಟರೆ ಒಂದಷ್ಟು ಹಿಂದೆ ಸರಿಯುವುದೂ ಅದಕ್ಕೇ.

ಬಲದ ಕೆಲಸಕ್ಕೆ ಮೂರು ಸಾಕು. ಕಾಲು ಅಗಲಿಸಿ ಕೂತು, ಎರಡೂ ಅಂಗೈಗಳನ್ನು ಒಂದು ಕಾಲಿನ ಮೊಣಕಾಲ ಪಕ್ಕ ಊರಿ, ಆ ಕಾಲಿನ ಹಿಮ್ಮಡಿಯನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ಇಳಿಸಿ, 8–10 ಸಲ. ಮೈ ಹಿಂದಕ್ಕೆ ವಾಲಿದರೆ ಲೆಕ್ಕಕ್ಕಿಲ್ಲ. ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ, ಶುರುವಿನಲ್ಲಿ ಅದು ಸಹಜ. ನಾಲ್ಕಕ್ಕೆ ನಿಲ್ಲಿಸಿ, ನಾಳಿದ್ದು ಐದು ಮಾಡಿ. ಎರಡನೆಯದು ನಿಧಾನದ ಕಿಕ್. ಗೋಡೆ ಹಿಡಿದು ನಾಲ್ಕು ಎಣಿಕೆಯಲ್ಲಿ ಚೇಂಬರ್‌ನಿಂದ ಚಾಚಿ, ಎರಡು ಎಣಿಕೆ ನಿಲ್ಲಿಸಿ, ನಾಲ್ಕು ಎಣಿಕೆಯಲ್ಲಿ ಮಡಚಿ ಇಳಿಸಿ. ಒಂದೊಂದು ಕಾಲಿಗೆ ಐದು. ಇದನ್ನು ತಪ್ಪಿಲ್ಲದೆ ಐದು ಮಾಡುವವನ ವೇಗದ ಕಿಕ್ ತಾನೇ ಒಂದು ಗೇಣು ಮೇಲಿರುತ್ತದೆ, ಬೀಸಿನ ಜೋರು ಸೇರುವುದರಿಂದ. ಮೂರನೆಯದು ಒಳತೊಡೆಗೆ: ಪಕ್ಕಕ್ಕೆ ಮಲಗಿ, ಮೇಲಿನ ಕಾಲಿನ ಮೊಣಕಾಲನ್ನು ಬೆಂಚಿನ ಮೇಲಿಟ್ಟು ಮೊಣಕೈ ಊರಿ ಸೊಂಟ ಎತ್ತಿ 10–20 ಸೆಕೆಂಡು ನಿಲ್ಲುವುದು. ತೊಡೆಸಂದಿನ ಎಳೆತದ ಗಾಯ ತಪ್ಪಿಸಲು ಇದಕ್ಕಿಂತ ಸರಳವಾದದ್ದು ಕಾಣೆವು.

ಮಕ್ಕಳ ವಿಷಯದಲ್ಲಿ ಸ್ವಲ್ಪ ಖಡಕ್ಕಾಗಿ ಹೇಳಬೇಕಾಗಿದೆ. ಅಗಲಿಸಿ ಕೂತ ಮಗುವಿನ ಮೊಣಕಾಲ ಮೇಲೆ ನಿಲ್ಲುವುದು, ಬೆನ್ನಿನ ಮೇಲೆ ಕೂತು ಒತ್ತುವುದು, ಇಬ್ಬರು ಎರಡು ಕಾಲು ಹಿಡಿದು ಎಳೆಯುವುದು, ಇವು ಎಲ್ಲಿ ನಡೆದರೂ ನಿಲ್ಲಬೇಕು. 12ರಿಂದ 17ರ ವಯಸ್ಸಿನಲ್ಲಿ ಹ್ಯಾಮ್‌ಸ್ಟ್ರಿಂಗ್ ಅಂಟಿಕೊಂಡಿರುವ ಕೂರುವ ಮೂಳೆಯ ತುದಿ ಇನ್ನೂ ಬೆಳೆಯುವ ಮೃದ್ವಸ್ಥಿಯ ಮೂಲಕ ಸೇರಿಕೊಂಡಿರುತ್ತದೆ. ದೊಡ್ಡವರಲ್ಲಿ ಹರಿಯುವುದು ಸ್ನಾಯು ಅಥವಾ ಅದರ ನಾರು. ಈ ವಯಸ್ಸಿನವರಲ್ಲಿ ಮೂಳೆಯ ತುಣುಕೇ ಕಿತ್ತು ಬರಬಹುದು. ಪಿರ್ರೆಯ ಕೆಳಗೆ 'ಟಕ್' ಎಂದ ಸದ್ದು, ಆ ಕ್ಷಣವೇ ಕೂರಲಾಗದ ನೋವು, ಕುಂಟು. ಹೀಗಾದರೆ ಎಣ್ಣೆ ಹಚ್ಚಿ ನೀವುವುದೂ ಬೇಡ, ಉಳುಕು ತೆಗೆಯುವವರಲ್ಲಿ ಕರೆದೊಯ್ದು ಎಳೆಸುವುದೂ ಬೇಡ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ಎತ್ತರ ಸರಸರ ಬೆಳೆಯುವ ಆ ಒಂದೆರಡು ವರ್ಷ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಹೋದ ವರ್ಷ ಬರುತ್ತಿದ್ದ ಸ್ಪ್ಲಿಟ್ ಈ ವರ್ಷ ಬರುವುದಿಲ್ಲ. ಹುಡುಗ ಸೋಮಾರಿಯಾದ ಎಂದು ಬೈಯುವ ಮೊದಲು ಅವನ ಪ್ಯಾಂಟು ಗಿಡ್ಡವಾಗಿದೆಯೇ ನೋಡಿ.

ನೋವಿನ ಜಾಗ ಓದುವುದನ್ನೂ ಮಕ್ಕಳಿಗೆ ಕಲಿಸಿ. ತೊಡೆಯ ನಡುಭಾಗದಲ್ಲಿ ಹರಡಿದಂಥ ಎಳೆತ ಇದ್ದರೆ ಮುಂದುವರಿಸಬಹುದು. ಮೂಳೆಗೆ ಅಂಟಿದ ಜಾಗದಲ್ಲಿ, ಪಿರ್ರೆಯ ಕೆಳಗೋ ತೊಡೆಸಂದಿನ ಮೂಲದಲ್ಲೋ, ಬೆರಳಿಟ್ಟು ತೋರಿಸುವಂಥ ಚುಚ್ಚು ನೋವಾದರೆ ನಿಲ್ಲಿಸಿ. ಕಾಲು ಏರಿಸಿದಾಗ ಸಂದಿನ ಮುಂಭಾಗದಲ್ಲಿ ಚಿವುಟಿದಂತಾದರೆ ಅದು ಸಾಮಾನ್ಯವಾಗಿ ಬಿಗಿ ಸ್ನಾಯುವಿನ ಲಕ್ಷಣ ಅಲ್ಲ.

ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು.

ನಲವತ್ತು ದಾಟಿದ ಮೇಲೆ ಶುರು ಮಾಡಿದವರಿಗೆ ಬರುತ್ತದೆಯೇ? ಬರುತ್ತದೆ, ನಿಧಾನಕ್ಕೆ. 111 ಡಿಗ್ರಿಯ ಎದೆ ಮಟ್ಟದ ಕಿಕ್ ಮೊದಲ ಗುರಿಯಾಗಲಿ. ಪಿಎನ್‌ಎಫ್ ವಾರಕ್ಕೆ ಎರಡು ದಿನ, ನಡುವೆ ಎರಡು ದಿನದ ಬಿಡುವು. ಬೆಳಗ್ಗೆ ಎದ್ದ ಕೂಡಲೇ ಬೇಡ, ಸಂಜೆ ಮೈ ಹೆಚ್ಚು ಬಿಟ್ಟುಕೊಡುತ್ತದೆ.

ಬಲಗಾಲು ಏರುತ್ತದೆ, ಎಡಗಾಲು ಏರುವುದಿಲ್ಲ, ಯಾಕೆ? ಎಡಗಾಲು ಒದೆಯುವಾಗ ನಿಲ್ಲುವುದು ಬಲಗಾಲು. ಹೆಚ್ಚಿನವರ ಬಲಗಾಲಿಗೆ ನಿಂತು ತಿರುಗುವ ರೂಢಿ ಕಮ್ಮಿ. ಎಡಗಾಲನ್ನು ಎಳೆಯುವ ಮೊದಲು, ಬಲಗಾಲಿನ ಮೇಲೆ ನಿಂತು ಬರೀ ಪಿವಟ್ ಮಾಡಿಸಿ, ಎಡಮೊಣಕಾಲು ಎತ್ತಿ ಮಡಚಿಟ್ಟುಕೊಂಡು, ದಿನಕ್ಕೆ ಇಪ್ಪತ್ತು.

ವರ್ಷವಾದರೂ ಸಂದಿನ ಚಿವುಟು ಹೋಗದಿದ್ದರೆ? ಕೆಲವರ ತೊಡೆಮೂಳೆಯ ಕತ್ತಿನಲ್ಲಿ ಉಬ್ಬಿರುತ್ತದೆ, ಕೆಲವರ ಗುಳಿ ಆಳವಿರುತ್ತದೆ; ಎರಡು ಮೂಳೆಗಳ ನಡುವೆ ಗುಳಿಯ ಅಂಚಿನ ಮೃದುಪಟ್ಟಿ, ಲೇಬ್ರಮ್, ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಅದು ಜಜ್ಜುತ್ತದೆ. ಅಂಥವರನ್ನು ಮೂಳೆ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಚಿವುಟು ಶುರುವಾಗುವ ಕೋನಕ್ಕಿಂತ ಹತ್ತು ಡಿಗ್ರಿ ಕೆಳಗೇ ಕಿಕ್ ಮಾಡಿಸಿ, ಪಾದ ಪೂರ್ತಿ ತಿರುಗಿಸಿ ಮೈ ಹೆಚ್ಚು ವಾಲಿಸುವುದನ್ನು ಕಲಿಸಿ. ಮುಂಡಕ್ಕೆ ಬೀಳುವ ಎರಡು ಅಂಕದ ಕಿಕ್‌ಗಳಿಂದಲೇ ಪಂದ್ಯ ಗೆಲ್ಲುವವರು ಕಮ್ಮಿಯೇನಿಲ್ಲ.